ಬಿಜೈಯ 12 ಸೆಂಟ್ಸ್ ಮನೆ: ಮಾಲಕರ ಮುಂದೆ ಇಡುವ ಲಿಸ್ಟಿಂಗ್ ಪ್ರಪೋಸಲ್‌ನಲ್ಲಿ ಎಂತೆಲ್ಲ ಇರಬೇಕು?

ಪಡೀಲ್ ಕ್ರಾಸ್:

ಮಂಗಳೂರು ಬಿಜೈ ಕಡೆ 12 ಸೆಂಟ್ಸ್ ಜಾಗ. ಅದರಲ್ಲಿ 28 ವರ್ಷ ಹಳೆಯ ತಾರಸಿ ಮನೆ, ಸುಮಾರು 2,100 ಚದರಡಿ. ಇಬ್ಬರು ಅಣ್ಣತಮ್ಮಂದಿರ ಜಂಟಿ ಹೆಸರು, ಸಮಪಾಲು. ಅಣ್ಣ ಮಸ್ಕತ್‌ನಲ್ಲಿ, ತಮ್ಮ ಇಲ್ಲಿಯೇ. ಮಾರಿಸಿಕೊಡಲು ನನ್ನನ್ನೂ ಸೇರಿಸಿ ಮೂವರು ಬ್ರೋಕರ್‌ಗಳನ್ನು ಕರೆದು, "ಬಾಯಿಮಾತು ಬೇಡ, ಬರೆದು ಕೊಡಿ, ನೋಡಿ ಒಬ್ಬರಿಗೆ ಕೊಡ್ತೇವೆ" ಎಂದಿದ್ದಾರೆ. ಹತ್ತು ದಿನ ಸಮಯ ಉಂಟು.

ಹೀಗೆ ಬರೆದು ಕೊಡುವುದಕ್ಕೇ ಲಿಸ್ಟಿಂಗ್ ಪ್ರಪೋಸಲ್ ಎನ್ನುವುದು. ಕೈಯಲ್ಲಿರುವ ಮಾದರಿ ಬೆಂಗಳೂರಿನ ಕಡೆಯದ್ದು, 24 ಪುಟ. ಅದರಲ್ಲಿ 11 ಪುಟ ಏಜೆಂಟರ ಗುಣಗಾನವೇ. ನಮ್ಮೂರಿನ ಮಾಲಕರಿಗೆ ಎಷ್ಟು ಪುಟ ಸಾಕು? ದರವನ್ನು ಹೇಗೆ ತೋರಿಸುವುದು? ದಾಖಲೆಗಳ ವಿಷಯ ಈಗಲೇ ಎತ್ತಬೇಕಾ, ಪಾರ್ಟಿ ಸಿಕ್ಕಿದ ಮೇಲೆ ಸಾಕಾ? ಉಳಿದ ಇಬ್ಬರು ಕೊಡುವುದಕ್ಕಿಂತ ಎದ್ದು ಕಾಣುವ ಹಾಗೆ ಮಾಡ್ಲಿಕ್ಕೆ ಗೊತ್ತಿದ್ದವರು ಹೇಳಿ.

ಮುರಕಲ್ಲು:

24 ಪುಟ ಯಾರೂ ಓದುವುದಿಲ್ಲ ಮಾರಾಯ್ರೆ. ಎಂಟು ಪುಟ ಸಾಕು. ಮಸ್ಕತ್‌ನಲ್ಲಿರುವವರು ಅದನ್ನು ನೋಡುವುದು ಫೋನಿನಲ್ಲಿ, ಕೆಲಸದ ನಡುವೆ. ಪುಟ ಉದ್ದಕ್ಕಿರಲಿ, ಅಕ್ಷರ 14ಕ್ಕಿಂತ ಸಣ್ಣದಾಗುವುದು ಬೇಡ, ಪಿಡಿಎಫ್ 5 ಎಂಬಿ ಒಳಗಿರಲಿ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಪುಟಗಳ ಫೋಟೋ ತೆಗೆದು ಕಳಿಸಿದರೆ ಅಂಕಿಗಳು ಮಸುಕಾಗುತ್ತವೆ, ಆಮೇಲೆ 1.30 ಕೋಟಿಯೋ 1.80 ಕೋಟಿಯೋ ಎಂದು ಫೋನ್ ಬರುತ್ತದೆ. ತಮ್ಮನಿಗೆ ಪ್ರಿಂಟ್ ಹಾಕಿದ ಪ್ರತಿ ಕೈಗೇ ಕೊಡಿ, ಪೆನ್ನಿನಲ್ಲಿ ಗುರುತು ಹಾಕಲು ಅಂಚಿನಲ್ಲಿ ಜಾಗ ಬಿಟ್ಟು.

ಮೊದಲ ಪುಟದಲ್ಲಿ ನಿಮ್ಮ ಪಟ ಬೇಡ, ಅವರ ಮನೆ ಇರಲಿ. ಅದೂ ಗೂಗಲ್ ಮ್ಯಾಪಿನದ್ದಲ್ಲ. ಒಮ್ಮೆ ಟೇಪು ಹಿಡಿದು ಹೋಗಿ. ಗೇಟಿನೆದುರು ರಸ್ತೆ ಎಷ್ಟು ಅಡಿ, ಮುಖ್ಯರಸ್ತೆಯಿಂದ ಒಳಗೆ ಬರುವ ದಾರಿಯಲ್ಲಿ ಅತಿ ಇಕ್ಕಟ್ಟಾದ ಜಾಗ ಎಷ್ಟು ಅಡಿ (ಈ ಎರಡನೆಯದನ್ನು ಯಾರೂ ಅಳೆಯುವುದಿಲ್ಲ, ಆದರೆ ಕೆಡವಿ ಕಟ್ಟುವವರು ಮೊದಲು ಕೇಳುವುದೇ ಅದು), ಬಾವಿಯಲ್ಲಿ ನೀರು ಎಷ್ಟು ಕೋಲು ಕೆಳಗೆ, ತುಂಬೆಯ ನೀರಿನ (ನಗರದ ನಳ್ಳಿ ನೀರಿನ) ಸಂಪರ್ಕ ಉಂಟಾ, ಒಳಚರಂಡಿಗೆ ಸೇರಿದೆಯಾ ಇಲ್ಲ ಹೊಂಡವಾ, ಕಂಪೌಂಡು ಕೆಂಪುಕಲ್ಲಿನದ್ದಾದರೆ ಎಲ್ಲಿಯಾದರೂ ಹೊಟ್ಟೆ ಬಂದಿದೆಯಾ, ತಗ್ಗಿನ ಬದಿಗೆ ತಡೆಗೋಡೆ ಉಂಟಾ. ಇದರಲ್ಲಿ ಎರಡು ಕೊರತೆಗಳನ್ನಾದರೂ ಬರೆದೇ ಬರೆಯಿರಿ. ತಾರಸಿಯಲ್ಲಿ ಎಲ್ಲಿ ನೀರು ಜಿನುಗುತ್ತದೆ ಎಂಬುದು ಮಾಲಕರಿಗೆ ಗೊತ್ತಿರುತ್ತದೆ. ಅದನ್ನು ನೀವು ಕಂಡಿದ್ದೀರಿ ಎಂದಾದರೆ ನಿಮ್ಮ ದರದ ಮಾತಿಗೂ ಬೆಲೆ ಬರುತ್ತದೆ.

ದರದ ಪುಟದಲ್ಲಿ ಹೆಚ್ಚಿನವರು ಎಡವುತ್ತಾರೆ. ಪೋರ್ಟಲ್‌ಗಳಲ್ಲಿ ನಾಲ್ಕು ಜಾಹೀರಾತು ನೋಡಿ ಸರಾಸರಿ ತೆಗೆದರೆ ಅದು ಕೇಳುವವರ ದರ, ಕೊಟ್ಟವರ ದರ ಅಲ್ಲ. ಅಕ್ಕಪಕ್ಕದ ಸರ್ವೆ ನಂಬರುಗಳಿಗೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿ (ಋಣಭಾರ ಪತ್ರ) ತೆಗೆದರೆ ನೋಂದಣಿಯಾದ ಮೊತ್ತ ಸಿಗುತ್ತದೆ. ಆದರೆ ಅದು ಹಲವು ಸಲ ಗೈಡೆನ್ಸ್ ವ್ಯಾಲ್ಯೂಗೆ (ಸರಕಾರ ನಿಗದಿ ಮಾಡಿದ ದರಕ್ಕೆ) ಅಂಟಿಕೊಂಡೇ ಇರುತ್ತದೆ. ಮೂರನೆಯದು ಬ್ಯಾಂಕಿನ ವ್ಯಾಲ್ಯುವರ್ ಮಾಡುವ ಲೆಕ್ಕ. ಈ ಮೂರನ್ನೂ ಬೇರೆ ಬೇರೆ ಕಾಲಂ ಮಾಡಿ, ಪ್ರತಿಯೊಂದು ಯಾಕೆ ಮೇಲೆ ಅಥವಾ ಕೆಳಗೆ ಉಂಟು ಎಂದು ಒಂದು ಸಾಲು ಬರೆಯಿರಿ.

ವ್ಯಾಲ್ಯುವರ್ ಲೆಕ್ಕ ಹೀಗೆ (ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಬೀದಿಯದ್ದು ನೀವೇ ಹಾಕಿ): ಜಾಗ ಸೆಂಟ್ಸ್‌ಗೆ 9 ಲಕ್ಷದಂತೆ 12 ಸೆಂಟ್ಸ್‌ಗೆ 1.08 ಕೋಟಿ. ಇಂದು ಹೊಸದಾಗಿ ಕಟ್ಟಲು ಚದರಡಿಗೆ 2,000 ರೂ. ಹಿಡಿದರೆ 2,100 ಚದರಡಿಗೆ 42 ಲಕ್ಷ. ಕಟ್ಟಡದ ಆಯುಷ್ಯ 60 ವರ್ಷ, ಕೊನೆಗೆ ಉಳಿಯುವ ಬೆಲೆ ಶೇ. 10 ಎಂದಿಟ್ಟುಕೊಂಡರೆ 28 ವರ್ಷಕ್ಕೆ ಸವೆತ ಶೇ. 42. ಉಳಿದದ್ದು 24.36 ಲಕ್ಷ. ಒಟ್ಟು 1.32 ಕೋಟಿ ಚಿಲ್ಲರೆ.

ಇದರ ಕೆಳಗೆ ಇನ್ನೊಂದು ಸಾಲು ಕಡ್ಡಾಯ. ಮನೆಯಲ್ಲಿ ವಾಸಕ್ಕೆ ಬರುವವರಿಗೆ ಆ 24 ಲಕ್ಷ ಉಂಟು, ಕೆಡವಿ ಕಟ್ಟುವವರಿಗೆ ಅದು ಸೊನ್ನೆ. ಕೆಲವೊಮ್ಮೆ ಸೊನ್ನೆಗಿಂತ ಕಡಿಮೆ, ಯಾಕೆಂದರೆ ಕೆಡವುವ ಖರ್ಚೂ ಅವರದ್ದೇ. ಕೆಡವುವವರು ರಸ್ತೆ ಅಗಲೀಕರಣಕ್ಕೆ ಬಿಟ್ಟುಕೊಡಬೇಕಾದ ಭಾಗವನ್ನೂ ಕಳೆದೇ ಲೆಕ್ಕ ಹಾಕುತ್ತಾರೆ. ಅರ್ಧ ಸೆಂಟ್ಸ್ ಹೋದರೂ ಮೇಲಿನ ದರದಲ್ಲಿ ನಾಲ್ಕೂವರೆ ಲಕ್ಷ. ಹಾಗಾಗಿ ಒಂದೇ ದರ ಬರೆಯಬೇಡಿ, ಮೂರು ಬರೆಯಿರಿ: ಜಾಹೀರಾತಿನಲ್ಲಿ ಹಾಕುವ ದರ, ಮಾತುಕತೆ ನಿಲ್ಲಬಹುದಾದ ದರ, ಇದಕ್ಕಿಂತ ಕೆಳಗೆ ಬಂದರೆ ಫೋನ್ ಕೂಡ ಮಾಡುವುದಿಲ್ಲ ಎಂಬ ದರ. ಮೂರನೆಯದನ್ನು ಮಾಲಕರೇ ತುಂಬಲಿ, ಖಾಲಿ ಗೆರೆ ಬಿಡಿ.

ಸೆಂಟ್ಸ್ ಜತೆ ಚದರಡಿಯನ್ನೂ ಹಾಕಿ. 1 ಸೆಂಟ್ಸ್ 435.6 ಚದರಡಿ, 12 ಸೆಂಟ್ಸ್ ಎಂದರೆ 5,227. ಪೋರ್ಟಲ್‌ನಲ್ಲಿ ಹುಡುಕುವ ಹೊರಊರಿನವರಿಗೆ ಸೆಂಟ್ಸ್ ಅರ್ಥವಾಗುವುದಿಲ್ಲ, ಇಲ್ಲಿನವರಿಗೆ ಚದರಡಿ ತಲೆಗೆ ಹೋಗುವುದಿಲ್ಲ.

ನಿಮ್ಮ ಬಗ್ಗೆ ಕೊನೆಯ ಪುಟದಲ್ಲಿ ಅರ್ಧ ಪುಟ ಸಾಕು. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಏಜೆಂಟ್ ನೋಂದಣಿ ಇದ್ದರೆ ನಂಬರ್ ಹಾಕಿ. 2016ರ ಕಾಯ್ದೆಯಲ್ಲಿ ಅದು ಕಡ್ಡಾಯವಾಗಿರುವುದು ನೋಂದಾಯಿತ ಪ್ರಾಜೆಕ್ಟ್‌ಗಳ ಫ್ಲ್ಯಾಟ್, ಸೈಟ್ ಮಾರಾಟ ಮಾಡಿಸಲು. ಇಂಥ ಹಳೇ ಮನೆಯ ಮರುಮಾರಾಟಕ್ಕೆ ಬೇಕೆಂದಿಲ್ಲ. ಇದ್ದರೆ ಮಾತ್ರ ಪರಊರಿನಲ್ಲಿ ಕುಳಿತವರಿಗೆ ಧೈರ್ಯ.

ಚಕ್ಕುಬಂದಿ:

ದರದ ಪುಟಕ್ಕೆ ಮುರಕಲ್ಲು ಹೇಳಿದ್ದು ಸಾಕಷ್ಟಾಯಿತು. ಆದರೆ ನಮ್ಮ ಜಿಲ್ಲೆಯಲ್ಲಿ ಪ್ರಪೋಸಲ್ ಎದ್ದು ಕಾಣುವುದು ಕಡತದ ಪುಟದಲ್ಲಿ. "ಪಾರ್ಟಿ ಸಿಕ್ಕಿದ ಮೇಲೆ ಸಾಕಾ" ಎಂದು ಕೇಳಿದ್ದೀರಿ. ಇಲ್ಲ. ಅಡ್ವಾನ್ಸ್ ಆದ ಮೇಲೆ ಮುರಿಯುವ ವ್ಯವಹಾರಗಳು ಮುರಿಯುವುದು ಹೆಚ್ಚಾಗಿ ಕಾಗದದಲ್ಲಿಯೇ, ದರದಲ್ಲಲ್ಲ.

ಒಂದು ಪುಟದಲ್ಲಿ ಮೂರು ಶೀರ್ಷಿಕೆ ಇಡಿ: ಉಂಟು, ತರಿಸಬೇಕು, ಸರಿ ಮಾಡಿಸಬೇಕು. ಪ್ರತಿ ಕಾಗದದ ಎದುರು ಯಾರು ಓಡಾಡುವುದು, ಎಷ್ಟು ದಿನ ಹಿಡಿದೀತು, ಸರಕಾರಿ ಶುಲ್ಕ ಎಷ್ಟು ಎಂದು. ಆ ಎಲ್ಲ ದಾಖಲೆಯನ್ನು ನೋಡದೆಯೇ ಈ ಪುಟ ಮಾಡಬಹುದು. ತಮ್ಮನ ಹತ್ತಿರ ಆರ್‌ಟಿಸಿ (ಪಹಣಿ) ಮತ್ತು ಮನೆ ತೆರಿಗೆ ರಶೀದಿಯ ಪ್ರತಿ ಕೇಳಿ, ಉಳಿದದ್ದು ಆನ್‌ಲೈನ್.

ಆರ್‌ಟಿಸಿಯಲ್ಲಿ 9ನೇ ಕಾಲಂ ಹೆಸರು, 11ನೇ ಕಾಲಂ ಋಣ ಮತ್ತು ಹಕ್ಕುಗಳು. ಎಂದೋ ತೀರಿಸಿದ ಸೊಸೈಟಿ ಸಾಲ 11ರಲ್ಲಿ ಹಾಗೆಯೇ ಕೂತಿರುವುದು ತೀರಾ ಸಾಮಾನ್ಯ. ಇಸಿ 2004ರಿಂದ ಈಚೆಗಿನದ್ದು ಆನ್‌ಲೈನ್‌ನಲ್ಲಿ ಬರುತ್ತದೆ, ಅದಕ್ಕಿಂತ ಹಿಂದಿನದ್ದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹುಡುಕಿಸಬೇಕು. ಸಾಲ ತೆಗೆಯುವ ಪಾರ್ಟಿಯಾದರೆ ಬ್ಯಾಂಕಿನ ವಕೀಲರು ಸಾಮಾನ್ಯವಾಗಿ 30 ವರ್ಷದ್ದು ಕೇಳುತ್ತಾರೆ. ಭೂಪರಿವರ್ತನೆ ಆದೇಶ, ಮೂಡಾದ (ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರದ) ಏಕನಿವೇಶನ ಅನುಮೋದನೆ, ಕಟ್ಟಡ ಪರವಾನಿಗೆ, ಡೋರ್ ನಂಬರ್, ತೆರಿಗೆ, ಮೆಸ್ಕಾಂ ಬಿಲ್ಲು, ಇಷ್ಟು ಮಾಮೂಲು. ಇ-ಖಾತಾ (ಆನ್‌ಲೈನ್ ಆಸ್ತಿ ಖಾತೆ) ಇಲ್ಲದೆ ಈಗ ನೋಂದಣಿಯೇ ಇಲ್ಲ. ಹಾಗಾಗಿ ಇ-ಖಾತಾ ಆಗಿಲ್ಲದಿದ್ದರೆ "ತರಿಸಬೇಕು" ಪಟ್ಟಿಯಲ್ಲಿ ಮೊದಲ ಸಾಲು ಅದೇ. ಉಡುಪಿ, ಮಂಗಳೂರಿನ ಹೊರವಲಯದಲ್ಲಿ ಪಂಚಾಯತ್ ವ್ಯಾಪ್ತಿಯ ಜಾಗವಾದರೆ ಇದೇ ಸ್ಥಾನದಲ್ಲಿ 9/11 (ಪಂಚಾಯತ್‌ನ ನಮೂನೆ 9 ಮತ್ತು 11) ಬರುತ್ತದೆ.

ಇನ್ನು ನಮ್ಮ ಕರಾವಳಿಗೇ ವಿಶೇಷವಾದದ್ದು. ಬೆಂಗಳೂರಿನ ಮಾದರಿಯಲ್ಲಿ ಇದು ಇರುವುದೇ ಇಲ್ಲ.

ಜಾಗ ಮೂಲಗೇಣಿಯದ್ದಾ (ಕಾಯಂ ಗೇಣಿಯದ್ದಾ) ನೋಡಿ. ನಗರದ ಹಳೆಯ ಭಾಗದಲ್ಲಿ ಈಗಲೂ ಉಂಟು. ಮೂಲಗೇಣಿದಾರರಿಗೆ ಒಡೆತನ ಕೊಡುವ ಕಾಯ್ದೆ ಬಂದಿದೆ ಎಂದ ಮಾತ್ರಕ್ಕೆ ಈ ಜಾಗ ತಾನಾಗಿ ಸ್ವಂತದ್ದಾಗುವುದಿಲ್ಲ. ಪತ್ರದಲ್ಲಿ ಹಕ್ಕು ಯಾವುದು ಎಂದು ವಕೀಲರು ಓದಿಯೇ ಹೇಳಬೇಕು.

ಕುಮ್ಕಿಯನ್ನು ಸೆಂಟ್ಸ್‌ಗೆ ಸೇರಿಸಬೇಡಿ. ಬಿಜೈಯಲ್ಲಿ ಈ ಪ್ರಶ್ನೆ ಬರಲಿಕ್ಕಿಲ್ಲ, ಆದರೆ ಬ್ರಹ್ಮಾವರ, ಮೂಡುಬಿದಿರೆ ಕಡೆ ವರ್ಗ ಜಾಗದ (ಸ್ವಂತ ಪಟ್ಟಾ ಜಾಗದ) ಜತೆ ಕುಮ್ಕಿಯನ್ನೂ ಕೂಡಿಸಿ "ಒಂದೂವರೆ ಎಕ್ರೆ" ಎಂದು ಹಾಕುವವರಿದ್ದಾರೆ. ಅದು ಸರಕಾರಿ ಜಾಗ, ಅನುಭೋಗ ಮಾತ್ರ.

ಆಸ್ತಿ ಅಣ್ಣತಮ್ಮಂದಿರಿಗೆ ಹೇಗೆ ಬಂತು? ವಿಭಾಗ ಪತ್ರವಾ, ವೀಲುನಾಮೆಯಾ, ಬರೇ ಪೌತಿ ಖಾತೆಯಾ (ತೀರಿಕೊಂಡವರ ಬದಲು ವಾರಸುದಾರರ ಹೆಸರಿಗೆ ಮಾಡಿದ ಖಾತೆಯಾ)? ಪೌತಿ ಖಾತೆಯಲ್ಲಿ ಇಬ್ಬರ ಹೆಸರಿದ್ದರೂ ಅಕ್ಕತಂಗಿಯರ, ತಾಯಿಯ ಹಕ್ಕು ಹೋಗಿರುವುದಿಲ್ಲ. ಅವರಿಂದ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು. ಮೂಲದಲ್ಲಿ ಅಳಿಯಸಂತಾನದ (ತಾಯಿಯ ಕಡೆಯಿಂದ ಹಕ್ಕು ಬರುವ) ಕುಟುಂಬದ ಆಸ್ತಿಯಾಗಿದ್ದರೆ ಪಾಲುದಾರರ ಪಟ್ಟಿಯೇ ಬೇರೆ ಆಗುತ್ತದೆ. ಈ ಪ್ರಶ್ನೆಯನ್ನು ಪ್ರಪೋಸಲ್‌ನಲ್ಲಿ ಮೆತ್ತಗೆ ಕೇಳಿ, "ಆಸ್ತಿ ಬಂದ ಬಗೆಯ ಪತ್ರ ನೋಡಬೇಕು" ಎಂದಿಷ್ಟೇ. ಮೊದಲ ಭೇಟಿಯಲ್ಲಿ ತಂಗಿಯ ಹೆಸರೆತ್ತಿದರೆ ಚಾ ತಣ್ಣಗಾಗುತ್ತದೆ.

ನಾಗಬನ ಅಥವಾ ದೈವದ ಕಟ್ಟೆ ಗಡಿಯೊಳಗೆ ಇದ್ದರೆ ಸ್ಕೆಚ್‌ನಲ್ಲಿ ಗುರುತು ಹಾಕಿ, ಎಷ್ಟು ಸೆಂಟ್ಸ್, ವರ್ಷಕ್ಕೆ ಯಾರು ಬರುತ್ತಾರೆ, ದಾರಿ ಯಾವುದು ಎಂದು ಬರೆಯಿರಿ. ಮುಚ್ಚಿಟ್ಟರೆ ನಾಗರಪಂಚಮಿ ದಿನ ಗೊತ್ತಾಗುತ್ತದೆ. ನದಿ ಬದಿಯ ಜಾಗವಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಗೆರೆ ಎಲ್ಲಿ ಹಾದುಹೋಗುತ್ತದೆ ಎಂಬುದು ಸಹ ಈ ಪುಟಕ್ಕೇ ಬರಬೇಕು.

ಸ್ವರ್ಣಾ ತೀರ:

ಉಡುಪಿಯಿಂದ ಒಂದು ಮಾತು. ಮೇಲಿನ ಇಬ್ಬರೂ ಬಿಟ್ಟ ಪುಟ: "ಕೈಗೆ ಬರುವುದು ಎಷ್ಟು". ಮಸ್ಕತ್‌ನಲ್ಲಿರುವ ಅಣ್ಣ ನಿಜವಾಗಿ ಹುಡುಕುವುದು ಅದನ್ನೇ.

1.30 ಕೋಟಿಗೆ ಮಾರಿದರೆ ಇಬ್ಬರಿಗೂ 65 ಲಕ್ಷ. ತಮ್ಮ ನಿವಾಸಿ, ಒಟ್ಟು ಬೆಲೆ 50 ಲಕ್ಷ ದಾಟಿದ್ದರಿಂದ ಕೊಳ್ಳುವವರು ಅವರ ಪಾಲಿನಲ್ಲಿ ಶೇ. 1, ಅಂದರೆ 65,000 ರೂ. ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿಯುತ್ತಾರೆ. ಅಣ್ಣ ಅನಿವಾಸಿ ಆದ್ದರಿಂದ ಆ ಶೇ. 1 ಅವರಿಗೆ ಅನ್ವಯಿಸುವುದಿಲ್ಲ. ದೀರ್ಘಾವಧಿ ಲಾಭದ ಶೇ. 12.5, ಅದರ ಮೇಲೆ 50 ಲಕ್ಷ ದಾಟಿದ್ದಕ್ಕೆ ಶೇ. 10 ಸರ್ಚಾರ್ಜ್, ಮತ್ತೆ ಶೇ. 4 ಸೆಸ್: ಒಟ್ಟು ಶೇ. 14.3. ಲಾಭ ಎಷ್ಟೆಂದು ಇಲಾಖೆಯ ಪ್ರಮಾಣಪತ್ರ ಇಲ್ಲದಿದ್ದರೆ ಕೊಳ್ಳುವವರು ಅಪಾಯ ಬೇಡವೆಂದು ಇಡೀ 65 ಲಕ್ಷದ ಮೇಲೆಯೇ ಹಿಡಿಯುತ್ತಾರೆ, 9,29,500 ರೂ. ರಿಟರ್ನ್ ಹಾಕಿ ವಾಪಸ್ ಪಡೆಯಬಹುದು, ಆದರೆ ತಿಂಗಳುಗಟ್ಟಲೆ ಹಣ ಸಿಕ್ಕಿಬೀಳುತ್ತದೆ. ಹಾಗಾಗಿ ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಹೆಜ್ಜೆಯನ್ನು ನಿಮ್ಮ ವೇಳಾಪಟ್ಟಿಯಲ್ಲೇ ತೋರಿಸಿ. ಕೊಳ್ಳುವವರು ಯಾರೆಂದು ಗೊತ್ತಾದ ಮೇಲೆ, ಅಂದರೆ ಕರಾರು ಆದ ಮೇಲೆ, ಅರ್ಜಿ ಹೋಗುವುದು. ಕರಾರಿಗೂ ನೋಂದಣಿಗೂ ನಡುವೆ 60ರಿಂದ 90 ದಿನ ಇಟ್ಟುಕೊಳ್ಳಿ.

ಲಾಭದ ಲೆಕ್ಕ ನೀವು ಹಾಕಬೇಡಿ, ಅದು ಸಿಎ ಕೆಲಸ. ಆದರೆ ಅವರಿಗೆ ಬೇಕಾಗುವ ಕಾಗದದ ಪಟ್ಟಿ ಕೊಡಿ. 2001ರ ಏಪ್ರಿಲ್ 1ಕ್ಕಿಂತ ಮೊದಲೇ ಕುಟುಂಬದಲ್ಲಿದ್ದ ಆಸ್ತಿಯಾದರೆ ಆ ದಿನದ ಮೌಲ್ಯಕ್ಕೆ ನೋಂದಾಯಿತ ವ್ಯಾಲ್ಯುವರ್ ವರದಿ ಬೇಕಾಗುತ್ತದೆ. ಶೇ. 20 ಮತ್ತು ಇಂಡೆಕ್ಸೇಶನ್‌ನ (ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ ಲೆಕ್ಕ ಹಾಕುವ) ಹಳೆಯ ದಾರಿ ತಮ್ಮನಿಗೆ ಮಾತ್ರ ತೆರೆದಿದೆ, ಅಣ್ಣನಿಗೆ ಇಲ್ಲ. ಸಮಪಾಲಾದರೂ ಇಬ್ಬರ ಕೈಗೆ ಬರುವುದು ಒಂದೇ ಆಗುವುದಿಲ್ಲ. ಇದನ್ನು ಮೊದಲೇ ಬರೆದಿಡದಿದ್ದರೆ ನೋಂದಣಿ ದಿನ ಅಣ್ಣತಮ್ಮನ ನಡುವೆ ನೀವು ಸಿಕ್ಕಿಬೀಳುತ್ತೀರಿ.

ಅಣ್ಣ ಬರಲಾಗದಿದ್ದರೆ ಪವರ್ ಆಫ್ ಅಟಾರ್ನಿ. ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಮಾರುವ, ಹಣ ಪಡೆಯುವ, ಸಬ್ ರಿಜಿಸ್ಟ್ರಾರ್ ಮುಂದೆ ಒಪ್ಪಿಕೊಳ್ಳುವ ಅಧಿಕಾರ ಮೂರನ್ನೂ ಸರ್ವೆ ನಂಬರ್ ಸಮೇತ ಬರೆಸಿ. "ಎಲ್ಲ ವ್ಯವಹಾರ" ಎಂಬ ಸಾಮಾನ್ಯ ಮಾತಿದ್ದರೆ ಬ್ಯಾಂಕಿನ ವಕೀಲರು ತಿರುಗಿಸಿ ಕಳಿಸುತ್ತಾರೆ. ಅಣ್ಣನ ಪಾಲಿನ ಹಣ ಅವರ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳ ರೂಪಾಯಿ ಖಾತೆಗೆ).

ಇದೇ ಪುಟದ ಅಡಿಯಲ್ಲಿ ಕೊಳ್ಳುವವರ ಖರ್ಚನ್ನೂ ಹಾಕಿ. ಮುದ್ರಾಂಕ ಶೇ. 5, ಸೆಸ್ ಮತ್ತು ನಗರದ ಸರ್ಚಾರ್ಜ್ ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. ಒಟ್ಟು 7.6, ಅಂದರೆ 1.30 ಕೋಟಿಗೆ 9.88 ಲಕ್ಷ. ಕೊಳ್ಳುವವರು ಚೌಕಾಸಿಗೆ ಇಳಿದಾಗ ಅವರ ತಲೆಯಲ್ಲಿರುವ ಅಂಕಿ ಇದೇ ಎಂದು ಮಾಲಕರಿಗೆ ಗೊತ್ತಿರಲಿ. "ಪತ್ರದಲ್ಲಿ ಕಡಿಮೆ ತೋರಿಸುವ" ಮಾತನ್ನು ಪ್ರಪೋಸಲ್ ಹತ್ತಿರಕ್ಕೂ ತರಬೇಡಿ. ಗೈಡೆನ್ಸ್ ವ್ಯಾಲ್ಯೂ ಪತ್ರದ ಬೆಲೆಗಿಂತ ಶೇ. 10ಕ್ಕೂ ಮಿಕ್ಕಿ ಹೆಚ್ಚಿದ್ದರೆ ಇಬ್ಬರಿಗೂ ತೆರಿಗೆ ಸುತ್ತಿಕೊಳ್ಳುತ್ತದೆ, ಮತ್ತು 20,000 ರೂ. ಅಥವಾ ಅದಕ್ಕೂ ಮೇಲ್ಪಟ್ಟ ಅಡ್ವಾನ್ಸನ್ನು ನಗದಿನಲ್ಲಿ ತೆಗೆದುಕೊಳ್ಳುವಂತೆಯೇ ಇಲ್ಲ.

ಹಂಚಿನ ಮಾಡು:

ಫೋಟೋ ಮತ್ತು ಸಮಯದ ಬಗ್ಗೆ ಯಾರೂ ಹೇಳಲಿಲ್ಲ.

ಪೂರ್ವಕ್ಕೆ ಮುಖ ಇದ್ದರೆ ಬೆಳಿಗ್ಗೆ 8ರಿಂದ 10, ಪಶ್ಚಿಮಕ್ಕಿದ್ದರೆ ಸಂಜೆ 4ರ ಮೇಲೆ. ಫೋನನ್ನು ಎದೆಯ ಎತ್ತರದಲ್ಲಿ ಅಡ್ಡ ಹಿಡಿಯಿರಿ. 0.5 (ಅಗಲ ಕೋನದ) ಲೆನ್ಸ್‌ನಲ್ಲಿ ಕೋಣೆ ದೊಡ್ಡದಾಗಿ ಕಾಣುತ್ತದೆ ನಿಜ, ಗೋಡೆ ಮಾತ್ರ ವಾಲುತ್ತದೆ. ನೋಡಲು ಬಂದವರು ಬಾಗಿಲಲ್ಲೇ ಮುಖ ಸಣ್ಣ ಮಾಡುತ್ತಾರೆ. ಮಳೆಗಾಲದ ಮೇಲೆ ಕಂಪೌಂಡಿನ ಪಾಚಿ, ಅಂಗಳದ ಹಾವಸೆ ಉಜ್ಜಿಸದೆ ಕ್ಯಾಮೆರಾ ತೆಗೆಯಲೇ ಬೇಡಿ. ಆ ಸ್ವಚ್ಛತೆಯ ಖರ್ಚು ಯಾರದ್ದು ಎಂಬುದೂ ಪ್ರಪೋಸಲ್‌ನಲ್ಲಿ ಇರಲಿ. ಡ್ರೋನ್ ಹಾರಿಸುವ ಆಲೋಚನೆ ಇದ್ದರೆ ಮೊದಲು ಸರಕಾರದ ಡ್ರೋನ್ ತಾಣವಾದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಯಾವ ಬಣ್ಣದ ವಲಯ ಎಂದು ನೋಡಿ, ಬಜಪೆ ವಿಮಾನ ನಿಲ್ದಾಣ ದೂರವಿಲ್ಲ. ನಾಗಬನದ ಫೋಟೋ ಜಾಹೀರಾತಿಗೆ ಹಾಕಬೇಡಿ.

ವೇಳಾಪಟ್ಟಿ ಹಾಕುವಾಗ ಪಂಚಾಂಗ ಪಕ್ಕದಲ್ಲಿಟ್ಟುಕೊಳ್ಳಿ. ಆಟಿಯಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಅಡ್ವಾನ್ಸ್ ಕೊಡುವ ಹಿಂದೂಗಳು ಕಡಿಮೆ. ಆದರೆ ಗಲ್ಫ್ ಶಾಲೆಗಳ ರಜೆ ಅದೇ ಹೊತ್ತು, ಊರಿಗೆ ಬಂದು ಜಾಗ ನೋಡುವವರು ಆಗಲೇ ಹೆಚ್ಚು. ನೋಡುವುದು ಆಟಿಯಲ್ಲಿ, ಕರಾರು ಚೌತಿಯ ಆಚೆ ಎಂದು ಬರೆದರೆ ಮಾಲಕರಿಗೂ ಗಡಿಬಿಡಿ ಇಲ್ಲ. ಎಪ್ರಿಲ್-ಮೇಯಲ್ಲಿ ತೋರಿಸುವುದಾದರೆ ಬಾವಿಯ ನೀರು ತೋರಿಸಿ. ಆ ಹೊತ್ತಿನಲ್ಲಿ ನೀರಿರುವ ಬಾವಿಗಿಂತ ದೊಡ್ಡ ಜಾಹೀರಾತು ಈ ಊರಲ್ಲಿ ಇಲ್ಲ.

ಪಡೀಲ್ ಕ್ರಾಸ್:

ಎಲ್ಲರಿಗೂ ಉಪಕಾರ. ಎರಡು ಪ್ರಶ್ನೆ ಉಳಿದವು. ಇನ್ನೊಬ್ಬ ಬ್ರೋಕರ್ 1.60 ಕೋಟಿ ತೆಗೆಸಿಕೊಡುತ್ತೇನೆ, ಪಾರ್ಟಿ ರೆಡಿ ಉಂಟು ಎಂದು ಹೇಳಿದ್ದಾರಂತೆ. ಮತ್ತೆ, ನನಗೊಬ್ಬನಿಗೇ ಕೊಡಿ ಎಂದು ಕೇಳಬಹುದಾ?

ಮುರಕಲ್ಲು:

1.60ಕ್ಕೆ ಎದುರು ಮಾತಾಡಬೇಡಿ. ದರದ ಪುಟದಲ್ಲಿ ಒಂದು ಸಾಲು ಸೇರಿಸಿ: "1.60ಕ್ಕೆ ಹೋಗಬೇಕಾದರೆ ಸೆಂಟ್ಸ್‌ಗೆ ಸುಮಾರು 11.3 ಲಕ್ಷ ಆಗಬೇಕು. ಈ ಬೀದಿಯಲ್ಲಿ ಆ ದರಕ್ಕೆ ಆದ ನೋಂದಣಿ ತೋರಿಸುವವರಿದ್ದರೆ ಅವರಿಗೇ ಕೊಡಿ." ಕಟ್ಟಡದ 24.36 ಲಕ್ಷ ಕಳೆದು 12ರಿಂದ ಭಾಗಿಸಿದರೆ ಅದು ಬರುತ್ತದೆ. ಲೆಕ್ಕ ಮಾಲಕರೇ ಹಾಕಿ ನೋಡಲಿ. ಹೆಚ್ಚಿನ ದರಕ್ಕೆ ಹಾಕಿ ಮೂರು ತಿಂಗಳ ನಂತರ ಇಳಿಸುವುದರ ತೊಂದರೆ ಎಂತ ಎಂದರೆ, ಈ ಊರು ಸಣ್ಣದು. ಒಂದೇ ಮನೆ ಹತ್ತು ವಾಟ್ಸಾಪ್ ಗುಂಪಿನಲ್ಲಿ ಸುತ್ತಿ, "ಅದಾ, ಅದರಲ್ಲಿ ಏನೋ ಉಂಟು" ಎಂಬ ಹೆಸರು ಬರುತ್ತದೆ. ಆಮೇಲೆ ಸರಿಯಾದ ದರಕ್ಕೂ ಯಾರೂ ಬರುವುದಿಲ್ಲ.

ಒಬ್ಬರಿಗೇ ಎಂಬುದನ್ನು ಕೇಳಿ, 90 ದಿನಕ್ಕೆ ಮಾತ್ರ. ಬದಲಿಗೆ ಪ್ರತಿ ಶನಿವಾರ ನಾಲ್ಕು ಅಂಕಿ ಕಳಿಸುವುದಾಗಿ ಬರೆಯಿರಿ: ಬಂದ ಕರೆ, ನೋಡಲು ಬಂದವರು, ಎರಡನೇ ಸಲ ಬಂದವರು, ದರ ಹೇಳಿದವರು. 30ನೇ ದಿನ ಕೂತು ನೋಡುವುದು. ಕರೆಯೇ ಇಲ್ಲದಿದ್ದರೆ ದರ ಅಥವಾ ಫೋಟೋ ಸರಿಯಿಲ್ಲ. ಬಂದು ನೋಡಿ ಎರಡನೇ ಸಲ ಬಾರದಿದ್ದರೆ ಮನೆಯಲ್ಲೋ ದಾರಿಯಲ್ಲೋ ಏನೋ ಉಂಟು. ಎರಡನೇ ಸಲ ಬಂದೂ ದರ ಹೇಳದಿದ್ದರೆ ಕಾಗದ ನೋಡಿ ಹಿಂದೆ ಸರಿದಿದ್ದಾರೆ.

ಸ್ವರ್ಣಾ ತೀರ:

ನಾನು ಇದಕ್ಕೆ ಪೂರ್ತಿ ಒಪ್ಪುವುದಿಲ್ಲ. ಹೊಸಬರಿಗೆ 90 ದಿನ ಒಬ್ಬರಿಗೇ ಕೊಡಲು ಇಲ್ಲಿನ ಮಾಲಕರು ಹಿಂಜರಿಯುತ್ತಾರೆ, ಬಂಧುಗಳಲ್ಲಿ ಒಬ್ಬರಾದರೂ ಬ್ರೋಕರ್ ಇದ್ದೇ ಇರುತ್ತಾರೆ. 45 ದಿನ ಕೇಳಿ. ಆ ಅವಧಿಯಲ್ಲಿ ಬೇರೆ ಬ್ರೋಕರ್ ಪಾರ್ಟಿ ತಂದರೆ ನಿಮ್ಮ ಕಮಿಷನ್‌ನಲ್ಲಿ ಅರ್ಧ ಅವರಿಗೆ ಎಂದು ನೀವೇ ಬರೆದುಕೊಡಿ. ಮಾಲಕರೇ ತಮ್ಮ ಬಂಧುಗಳಿಗೆ ಮಾರಿದರೆ ನಿಮಗೆ ಕಾಗದ ಓಡಾಟದ ಖರ್ಚು ಮಾತ್ರ ಎಂದೂ ಇರಲಿ. ಇದರಿಂದ ಕಳೆದುಕೊಳ್ಳುವುದು ಕಡಿಮೆ, ಸಹಿ ಬೇಗ ಬೀಳುತ್ತದೆ.

ಕಮಿಷನ್ ಶೇಕಡಾವಾರು ಮಾತ್ರ ಬರೆಯದೆ ರೂಪಾಯಿಯಲ್ಲೂ ಬರೆಯಿರಿ: 1.30 ಕೋಟಿಗೆ ಶೇ. 1 ಎಂದರೆ 1,30,000. ಜಿಎಸ್‌ಟಿ ನೋಂದಣಿ ಇದ್ದರೆ ಅದರ ಮೇಲೆ ಶೇ. 18, ಅಂದರೆ 23,400. ಯಾವಾಗ ಕೊಡುವುದು (ಕರಾರಿನ ದಿನ ಎಷ್ಟು, ನೋಂದಣಿ ದಿನ ಎಷ್ಟು), ಕರಾರು ಮುರಿದರೆ ಎಂತ, ಎಲ್ಲ ಒಂದೇ ಹಾಳೆಯಲ್ಲಿ. ಅವಧಿ ಮುಗಿದ ಮೇಲೂ 60 ದಿನದೊಳಗೆ ನೀವು ತೋರಿಸಿದವರೇ ಕೊಂಡರೆ ಕಮಿಷನ್ ಉಂಟು ಎಂಬ ಶರತ್ತಿಗೆ, ಅವಧಿಯ ಕೊನೆಯ ದಿನ ಆ ಹೆಸರುಗಳ ಪಟ್ಟಿ ಮಾಲಕರಿಗೆ ಕೊಟ್ಟಿರಲೇಬೇಕು. ಪಟ್ಟಿ ಇಲ್ಲದ ಶರತ್ತು ಜಗಳಕ್ಕೆ ದಾರಿ. ಅಡ್ವಾನ್ಸ್ ನಿಮ್ಮ ಖಾತೆಗೆ ಬರಲೇ ಕೂಡದು, ನೇರ ಮಾಲಕರ ಖಾತೆಗೆ.

ಚಕ್ಕುಬಂದಿ:

ಆ ಹಾಳೆಗೆ ಅಣ್ಣತಮ್ಮ ಇಬ್ಬರೂ ಸಹಿ ಹಾಕಬೇಕು. ತಮ್ಮ ಒಬ್ಬರೇ ಹಾಕಿ "ಅಣ್ಣನಿಗೆ ಹೇಳಿದ್ದೇನೆ" ಎಂದರೆ ಅದು ಅರ್ಧ ಮನೆಯ ಒಪ್ಪಿಗೆ. ಮಸ್ಕತ್‌ನಿಂದ ಸಹಿ ಮಾಡಿ ಸ್ಕ್ಯಾನ್ ಕಳಿಸಿದರೆ ಸದ್ಯಕ್ಕೆ ಸಾಕು, ಮೂಲ ಪ್ರತಿ ಊರಿಗೆ ಬರುವವರ ಕೈಯಲ್ಲಿ ತರಿಸಿಕೊಳ್ಳಿ.